ಪಾತ್ರವೂ ಮೃತ್ತಿಕೆಯೂ

ಆಕಾಶಕ್ಕೆ ಏರತಕ್ಕ ಮರವನ್ನು ಒಂದು ಗೇಣಿನ ತಟ್ಟೆಯಲ್ಲಿ ನಿಲ್ಲಿಸಿ, ಅದರ ಎತ್ತರವನ್ನು ಒಂದೆರಡು ಮೊಳಕ್ಕೆ ಮಿತಗೊಳಿಸಿ, ತಲೆಮಾರುಗಳ ಕಾಲ ಸಾಕಿಕೊಂಡು ಬರುವ ಕಲೆಯೊಂದುಂಟು. ಚೀನಾ ದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ಪರಿಣತಿಯನ್ನು ಹೊಂದಿದ ಈ ಕಲೆಗೆ ಬೋನ್ಸಾಯ್ ಎಂದು ಹೆಸರು. ತಟ್ಟೆಯಲ್ಲಿ ನೆಟ್ಟದ್ದು ಎಂಬುದೇ ಆ ಪದದ ಅರ್ಥ. ಚೀನಾದ ರಾಜಕುಮಾರ ಝಾಂಗ್‌ಹ್ವಾಯ್‌ಗಾಗಿ ಕ್ರಿ.ಶ. 706ರಲ್ಲಿ ಕಟ್ಟಿದ ಸಮಾಧಿಯ ಭಿತ್ತಿಚಿತ್ರಗಳಲ್ಲಿ ಪುಟ್ಟ ಗಿಡಗಳುಳ್ಳ ತಟ್ಟೆಯನ್ನು ಹಿಡಿದು ನಡೆಯುವ ಪರಿಚಾರಕರು ಕಾಣಬರುವುದರಿಂದ, ಇದರ ಪ್ರಾಚೀನತೆಯು ಸಾವಿರದ ಮುನ್ನೂರು ವರ್ಷಗಳಿಗೆ ಕಡಮೆಯಲ್ಲ. ಇಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ತೋಟದಲ್ಲಿಯೂ, ಅನೇಕ ಗೃಹಸ್ಥರ ತಾರಸಿಗಳ ಮೇಲೂ ಇಂತಹ ಮರಗಳು ಬೆಳೆಯುತ್ತಿವೆ.

ಇವನ್ನು ಕಂಡವರ ಮನಸ್ಸಿನಲ್ಲಿ ಪ್ರಾಯಶಃ ಎರಡು ಭಾವಗಳು ಒಂದರ ಹಿಂದೊಂದು ಏಳುವುವು. ಮೊದಲನೆಯದು ವಿಸ್ಮಯ, ದೇವಸ್ಥಾನದ ಕಟ್ಟೆಯ ಮೇಲೆ ಹತ್ತು ಜನರಿಗೆ ನೆರಳು ಕೊಡತಕ್ಕ ಅರಳಿಯು ಮೊಣಕಾಲೆತ್ತರದಲ್ಲಿ ತೊಗಟೆ, ಎಲೆಗಳೊಡನೆ ಪೂರ್ಣವಾಗಿ ನಿಂತಿರುವುದನ್ನು ನೋಡಿ ಬೆರಗಾಗದವರು ವಿರಳ. ಎರಡನೆಯದು ಕನಿಕರ, ಬೆಳೆಯಬೇಕಾದುದನ್ನು ಬೆಳೆಯಗೊಡದೆ ಹಿಡಿದಿಟ್ಟಿರುವರಲ್ಲ, ಇದು ಹಿಂಸೆಯಲ್ಲವೆ ಎಂಬ ಶಂಕೆ. ಈ ಶಂಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಬಲ್ಲವನು ಬಲ್ಲದವನನ್ನೂ, ಬಲವುಳ್ಳವನು ಬಲವಿಲ್ಲದವನನ್ನೂ ತನ್ನ ಇಚ್ಛೆಯಂತೆ ರೂಪಿಸಬಹುದೆ ಎಂಬ ದೊಡ್ಡ ಪ್ರಶ್ನೆಯೇ ಈ ಚಿಕ್ಕ ಮರದ ಬುಡದಲ್ಲಿ ಅಡಗಿದೆ. ಆದುದರಿಂದ ಅದನ್ನು ಪೂರ್ವಪಕ್ಷದಿಂದಲೇ ಆರಂಭಿಸಿ ವಿಚಾರಿಸುವುದು ಯುಕ್ತವಾಗಿದೆ.

ಪೂರ್ವಪಕ್ಷವನ್ನು ಅತ್ಯಂತ ಬಲವಾಗಿ ಹೇಳಿದವನು ಬೋನ್ಸಾಯಿಯ ಹುಟ್ಟುನೆಲವಾದ ಚೀನಾ ದೇಶದ ಪಂಡಿತನೇ ಎಂಬುದು ಗಮನಿಸತಕ್ಕ ಸಂಗತಿ. ಗೊಂಗ್ ಝಿಝೆನ್ ಎಂಬ ವಿದ್ವಾಂಸನು 1839ರಲ್ಲಿ, ರೋಗಪೀಡಿತವಾದ ಪ್ಲಮ್ ಗಿಡಗಳ ಭವನವನ್ನು ಕುರಿತು ಒಂದು ಕಿರುಲೇಖವನ್ನು ಬರೆದನು. ಅವನ ಕಾಲದ ರಸಿಕರು ವಕ್ರವಾದ, ಓರೆಯಾದ, ವಿರಳವಾದ ಕೊಂಬೆಗಳನ್ನೇ ಸೌಂದರ್ಯವೆಂದು ಎಣಿಸುತ್ತಿದ್ದರು. ಗಿಡ ಮಾರುವವರು ಆ ರುಚಿಗೆ ತಕ್ಕಂತೆ ನೆಟ್ಟಗಿರುವುದನ್ನು ಕಡಿದು, ಬೆಳೆಯುವುದನ್ನು ಕಟ್ಟಿ, ಗಿಡಗಳನ್ನು ರೋಗಿಗಳನ್ನಾಗಿ ಮಾಡುತ್ತಿದ್ದರು. ಗೊಂಗ್ ತಾನು ಇಂತಹ ಮುನ್ನೂರು ಕುಂಡಗಳನ್ನು ಕೊಂಡುದಾಗಿಯೂ, ಅವುಗಳಲ್ಲಿ ಒಂದೂ ಆರೋಗ್ಯವಾಗಿಲ್ಲದುದನ್ನು ಕಂಡು ಮೂರು ದಿನ ಅತ್ತುದಾಗಿಯೂ, ಬಳಿಕ ಕುಂಡಗಳನ್ನು ಒಡೆದು, ಕಟ್ಟುಗಳನ್ನು ಬಿಚ್ಚಿ, ಗಿಡಗಳನ್ನೆಲ್ಲ ನೆಲದಲ್ಲಿ ನೆಟ್ಟು, ಐದು ವರ್ಷಗಳಲ್ಲಿ ಅವನ್ನು ಗುಣಪಡಿಸುವುದಾಗಿ ಪಣತೊಟ್ಟುದಾಗಿಯೂ ಅದರಲ್ಲಿ ಹೇಳಿದ್ದಾನೆ. ಗಿಡದ ನೆಪದಲ್ಲಿ ಅವನು ಹೇಳಿದ್ದು ಮನುಷ್ಯರನ್ನು ಕುರಿತು. ಪ್ರತಿಭಾವಂತರನ್ನು ಕುಗ್ಗಿಸಿ ಬಾಗಿಸಿ ತನಗೆ ಬೇಕಾದ ಆಕಾರಕ್ಕೆ ತರುತ್ತಿದ್ದ ಅಂದಿನ ರಾಜ್ಯವ್ಯವಸ್ಥೆಯ ಮೇಲಣ ಆಕ್ಷೇಪವೇ ಆ ಲೇಖದ ಹೃದಯ.

ಭಾರತೀಯ ಗ್ರಂಥಗಳಿಂದಲೂ ಈ ಪಕ್ಷಕ್ಕೆ ಬೆಂಬಲ ದೊರೆಯುವುದು. ವೃಕ್ಷಗಳಿಗೆ ಅಂತರಂಗದಲ್ಲಿ ಸಂಜ್ಞೆಯುಂಟು, ಅವು ಸುಖದುಃಖಗಳನ್ನು ಅನುಭವಿಸುವುವು ಎಂದು ಮನುಸ್ಮೃತಿಯ ಮೊದಲನೆಯ ಅಧ್ಯಾಯವು ಹೇಳುತ್ತದೆ. ಗಿಡಗಳಿಗೆ ನೀರೆರೆಯದೆ ತಾನು ನೀರು ಕುಡಿಯದಿದ್ದವಳು, ಅಲಂಕಾರಪ್ರಿಯಳಾದರೂ ಚಿಗುರನ್ನು ಕೀಳದಿದ್ದವಳು ಎಂದು ಶಕುಂತಲೆಯನ್ನು ಕಾಳಿದಾಸನು ವರ್ಣಿಸಿರುವುದನ್ನು ಅರಿಯದವರಾರು? ಇಂದಿನ ವಿಜ್ಞಾನಿಗಳಲ್ಲಿ ಬಹುಮಂದಿ ಗಿಡಗಳಿಗೆ ನರಮಂಡಲವಿಲ್ಲವಾದುದರಿಂದ ಪ್ರಾಣಿಗಳಂತೆ ನೋವನ್ನು ಅರಿಯುವುದು ಅವಕ್ಕೆ ಅಸಾಧ್ಯವೆನ್ನುವರು. ಹಾಗಿದ್ದರೂ ಧರ್ಮವಿಚಾರವು ಅಲ್ಲಿಗೆ ಮುಗಿಯುವುದಿಲ್ಲ. ನೋವನ್ನು ಅರಿಯದಿದ್ದರೂ ಗಿಡಕ್ಕೆ ಆರೋಗ್ಯವುಂಟು, ರೋಗವುಂಟು, ಆಯುಸ್ಸುಂಟು, ಅಕಾಲಮರಣವುಂಟು. ತನ್ನ ಕೈಯಲ್ಲಿರುವ ಜೀವವನ್ನು ಯಾವ ಸ್ಥಿತಿಯಲ್ಲಿ ಇರಿಸಿದನು ಎಂಬುದಕ್ಕೆ ಮನುಷ್ಯನು ಉತ್ತರಿಸಲೇಬೇಕು.

ಇನ್ನು ವಸ್ತುಸ್ಥಿತಿಯನ್ನು ನೋಡತಕ್ಕದ್ದು. ಬೋನ್ಸಾಯ್ ಮರವು ಚಿಕ್ಕದಾಗಿರುವುದು ಅದನ್ನು ಉಪವಾಸ ಕೆಡಹಿದುದರಿಂದ ಎಂಬ ನಂಬಿಕೆ ಬಹಳ ಜನರಲ್ಲಿದೆ. ಬಡ ಮಣ್ಣು, ಅರೆಹೊಟ್ಟೆಯ ನೀರು, ಗೊಬ್ಬರದ ನಿಷೇಧ, ಇವುಗಳಿಂದ ಮರವು ಕುಬ್ಜವಾಗುವುದೆಂದು ಅವರು ತಿಳಿದಿರುವರು. ಇದು ಸತ್ಯವಲ್ಲ. ಮರವನ್ನು ಚಿಕ್ಕದಾಗಿ ಇರಿಸುವುದು ಕತ್ತರಿಯೂ ತಟ್ಟೆಯ ಮೇರೆಯೂ. ಕಾಲಕಾಲಕ್ಕೆ ಚಿಗುರನ್ನು ಚಿವುಟುವುದು, ಕೊಂಬೆಯನ್ನು ಸವರುವುದು, ತಟ್ಟೆಯಲ್ಲಿ ಕಿಕ್ಕಿರಿದ ಬೇರನ್ನು ಮೊಟಕುಮಾಡುವುದು, ಇಷ್ಟರಿಂದಲೇ ಅದರ ಗಾತ್ರವು ಮಿತಿಯಲ್ಲಿ ನಿಲ್ಲುವುದು. ಹೀಗೆ ಕತ್ತರಿಸಿದ ಮರವು ಮತ್ತೆ ಚಿಗುರಬೇಕಾದರೆ ಅದಕ್ಕೆ ಬಲ ಬೇಕು. ಆ ಬಲವು ಬೇರಿನಿಂದಲೂ ಎಲೆಯಿಂದಲೂ ಬರಬೇಕು. ಹಸಿದ ಮರವನ್ನು ಕತ್ತರಿಸಿದರೆ ಅದು ಚಿಕ್ಕದಾಗುವುದಿಲ್ಲ, ಸಾಯುವುದು. ಆದಕಾರಣ ಪರಿಣತರು ಕುಂಡದ ಮರಕ್ಕೆ ನೆಲದ ಮರಕ್ಕಿಂತ ಹೆಚ್ಚು ಎಚ್ಚರದಿಂದ ಆಹಾರವನ್ನು ಒದಗಿಸುವರು. ನಿಯಮನವು ಬೇರೆ, ವಂಚನೆಯು ಬೇರೆ. ಮೊದಲನೆಯದು ಕೊಂಬೆಯ ಮೇಲೆ ಎಲ್ಲರಿಗೂ ಕಾಣುವುದು. ಎರಡನೆಯದು ನಡೆದಿದೆಯೊ ಇಲ್ಲವೊ ಎಂಬುದು ಮಣ್ಣನ್ನು ಪರೀಕ್ಷಿಸಿದವರಿಗೆ ಮಾತ್ರ ತಿಳಿಯುವುದು.

ನೆಲದಲ್ಲಿರುವ ಮರವು ತನ್ನ ಯೋಗಕ್ಷೇಮವನ್ನು ತಾನೇ ನೋಡಿಕೊಳ್ಳುವುದು. ನೀರು ಆಳಕ್ಕಿಳಿದರೆ ಬೇರೂ ಆಳಕ್ಕಿಳಿಯುವುದು. ಒಂದು ದಿಕ್ಕಿನಲ್ಲಿ ಬಂಡೆಯಿದ್ದರೆ ಇನ್ನೊಂದು ದಿಕ್ಕಿಗೆ ತಿರುಗುವುದು. ಎರೆಹುಳುವೂ ಉದುರಿದ ಎಲೆಯೂ ಮಳೆಯೂ ಅದರ ಸೇವಕರು. ಕುಂಡದ ಮರಕ್ಕೆ ಈ ಯಾವ ಉಪಾಯವೂ ಇಲ್ಲ. ಅದಕ್ಕೆ ಹುಡುಕುವ ಸ್ವಾತಂತ್ರ್ಯವಿಲ್ಲ. ಕೊಟ್ಟದ್ದನ್ನು ಉಣ್ಣಬೇಕು, ಕೊಡದಿದ್ದರೆ ಒಣಗಬೇಕು. ಮರದ ಸ್ವಾತಂತ್ರ್ಯವನ್ನು ಎಷ್ಟು ಸಂಕೋಚಗೊಳಿಸಿದನೋ ಅಷ್ಟರಮಟ್ಟಿಗೆ ಮನುಷ್ಯನು ತನ್ನ ಹೊಣೆಯನ್ನು ಹೆಚ್ಚಿಸಿಕೊಂಡನು. ಈ ಋಣವನ್ನು ಅವನು ಮೊದಲು ಸಲ್ಲಿಸಬೇಕಾದದ್ದು ಮಣ್ಣಿನ ರೂಪದಲ್ಲಿ.

ಆದರೆ ಸಲ್ಲಿಸುವ ಬಗೆಯನ್ನು ಅರಿಯುವುದು ಸುಲಭವಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಸಾತ್ತ್ವಿಕ ದಾನದ ಲಕ್ಷಣವನ್ನು ಹೇಳುವಾಗ ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಬೇಕೆಂದಿದೆ. ಕೊಡುವವನ ಸದ್ಭಾವವೊಂದೇ ದಾನವನ್ನು ಒಳ್ಳೆಯದನ್ನಾಗಿ ಮಾಡುವುದಿಲ್ಲವೆಂಬುದು ಇದರ ತಾತ್ಪರ್ಯ. ಕುಂಡದ ಮಣ್ಣಿನ ವಿಷಯದಲ್ಲಿ ಈ ಮೂರೂ ಅಕ್ಷರಶಃ ಅನ್ವಯಿಸುವುವು. ಸಂಸ್ಕೃತದಲ್ಲಿ ಪಾತ್ರವೆಂದರೆ ದಾನಕ್ಕೆ ಯೋಗ್ಯನಾದವನೂ ಹೌದು, ಭಾಂಡವೂ ಹೌದು; ಇಲ್ಲಿ ಎರಡು ಅರ್ಥಗಳೂ ಒಂದೆಡೆ ಕೂಡಿರುವುದರಿಂದ ಮೂರನೆಯದನ್ನೇ ಮೊದಲು ವಿಚಾರಿಸುವುದು ಉಚಿತ.

ತೋಟದಲ್ಲಿ ಉತ್ತಮವೆನಿಸಿದ ಮಣ್ಣು ಕುಂಡದಲ್ಲಿ ಅಧಮವಾಗುವುದು. ಜೋಳಕ್ಕೂ ಹತ್ತಿಗೂ ತವರೆನಿಸಿದ ಬಯಲುಸೀಮೆಯ ಎರೆಮಣ್ಣನ್ನು ತಟ್ಟೆಯಲ್ಲಿ ತುಂಬಿದರೆ, ನೀರೆರೆದಾಗ ಅದು ಉಬ್ಬಿ ಅಂಟಾಗುವುದು, ಒಣಗಿದಾಗ ಬಿರಿದು ಬೇರನ್ನು ಹರಿಯುವುದು. ನುಣುಪಾದ ಯಾವ ಮಣ್ಣಿಗೂ ಒಂದು ದೋಷವುಂಟು. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಎಳೆದು ಹಿಡಿಯುವಂತೆ, ಸೂಕ್ಷ್ಮವಾದ ಕಣಗಳು ತಮ್ಮ ನಡುವಣ ಸಂದುಗಳಲ್ಲಿ ನೀರನ್ನು ಹಿಡಿದುಕೊಳ್ಳುವುವು. ಈ ಕಾರಣದಿಂದ ಕುಂಡದ ತಳದಲ್ಲಿ, ರಂಧ್ರವಿದ್ದರೂ ಬಸಿಯದೆ, ತೊಯ್ದ ಪದರವೊಂದು ನಿಲ್ಲುವುದು. ಇದರ ದಪ್ಪವು ಕಣದ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಕುಂಡದ ಆಳವನ್ನಲ್ಲ. ಒಂದು ಮೊಳದ ಆಳದ ಕುಂಡದಲ್ಲಿ ಎರಡು ಅಂಗುಲದ ಕೆಸರು ನಿಂತರೆ ಬಾಧಕವಿಲ್ಲ. ಮೇಲೆ ಬೇಕಾದಷ್ಟು ಒಣ ಜಾಗವಿರುವುದು. ಎರಡೇ ಅಂಗುಲ ಆಳದ ತಟ್ಟೆಯಲ್ಲಿ ಅದೇ ಕೆಸರು ನಿಂತರೆ ಬೇರಿಗೆ ಉಸಿರಾಡಲು ಎಡೆಯೇ ಉಳಿಯದು. ಬೇರಿಗೂ ಆಮ್ಲಜನಕ ಬೇಕು. ನೀರಿನಲ್ಲಿ ಮುಳುಗಿಯೇ ಇರುವ ಬೇರು ಕೊಳೆಯುವುದು. ಬಾಯಾರಿಕೆಯಿಂದ ಬಾಡಿದಂತೆ ಕಾಣುವ ಮರವು ಅನೇಕ ವೇಳೆ ಮುಳುಗಿ ಬಾಡುತ್ತಿರುವುದು. ಯಜಮಾನನು ಮರುಗಿ ಇನ್ನೊಂದು ತಂಬಿಗೆ ನೀರೆರೆದು ಅದರ ಮರಣವನ್ನು ಹತ್ತಿರಕ್ಕೆ ತರುವನು. ತಳದಲ್ಲಿ ಜಲ್ಲಿಯನ್ನು ಹಾಸಿದರೆ ನೀರು ಬಸಿಯುವುದೆಂಬ ಉಪಾಯವೂ ಫಲಕಾರಿಯಲ್ಲ. ತೊಯ್ದ ಪದರವು ಜಲ್ಲಿಯ ಮೇಲಕ್ಕೆ ಏರಿ, ಬೇರಿಗೆ ಇನ್ನೂ ಹತ್ತಿರವಾಗುವುದಷ್ಟೆ.

ಪರಿಹಾರವು ಕಣದಲ್ಲಿದೆ. ಬೋನ್ಸಾಯಿಯ ಮಣ್ಣು ಹುಡಿಯಾಗಿರದೆ ಹರಳಾಗಿರಬೇಕು. ಜರಡಿ ಹಿಡಿದು, ಎರಡು ಮಿಲಿಮೀಟರಿಗಿಂತ ಸಣ್ಣ ಧೂಳನ್ನು ತೆಗೆದುಹಾಕಿ, ಎರಡರಿಂದ ಆರು ಮಿಲಿಮೀಟರಿನ ಹರಳನ್ನು ಉಳಿಸಿಕೊಳ್ಳುವುದು ಸಾಮಾನ್ಯ ಕ್ರಮ. ತೀರ ಚಿಕ್ಕ ಕುಂಡಕ್ಕೆ ಹರಳೂ ಕೊಂಚ ಚಿಕ್ಕದಿರಬಹುದು. ಹರಳು ಹರಳಿನ ನಡುವೆ ಗಾಳಿ, ಹರಳಿನ ಒಡಲೊಳಗೆ ನೀರು, ಹೀಗೆ ವಿರುದ್ಧವಾದ ಎರಡು ಅಗತ್ಯಗಳು ಒಂದೇ ಪಾತ್ರದಲ್ಲಿ ಪರಸ್ಪರ ಬಾಧಿಸದೆ ಸಲ್ಲುವುವು. ಎರೆದ ನೀರು ಮೇಲೆ ನಿಲ್ಲದೆ ಕ್ಷಣಮಾತ್ರದಲ್ಲಿ ಇಳಿದು ತಳದ ರಂಧ್ರದಿಂದ ಹೊರಬರಬೇಕು. ಆದರೂ ಹರಳನ್ನು ಒಡೆದು ನೋಡಿದರೆ ಒಳಗೆ ತೇವವಿರಬೇಕು. ಇದೇ ಒಳ್ಳೆಯ ಮಿಶ್ರಣದ ಲಕ್ಷಣ. ಇದಕ್ಕೆ ಪ್ರತಿಯಾಗಿ ಸಾಕುವವನು ಹೆಚ್ಚು ಸಲ ನೀರೆರೆಯಬೇಕು, ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಕೊಡಬೇಕು. ಮರಕ್ಕೆ ಹಿತವಾದ ಮಣ್ಣು ಯಜಮಾನನಿಗೆ ಶ್ರಮದಾಯಕ. ತನ್ನ ಶ್ರಮವನ್ನು ಉಳಿಸಿಕೊಳ್ಳಲು ಅಂಟುಮಣ್ಣನ್ನು ತುಂಬಿದವನು ಮರದ ಉಸಿರಿನಿಂದ ತನ್ನ ವಿಶ್ರಾಂತಿಯನ್ನು ಕೊಂಡಂತಾಯಿತು.

ಪಾತ್ರದ ಇನ್ನೊಂದು ಅರ್ಥವನ್ನು, ಎಂದರೆ ಪಡೆಯುವವನ ಸ್ವಭಾವವನ್ನು ನೋಡಿದರೆ, ಎಲ್ಲ ಮರಕ್ಕೂ ಒಂದೇ ಮಿಶ್ರಣವು ಸಲ್ಲದು. ಜಪಾನಿನ ಪದ್ಧತಿಯಲ್ಲಿ ಮುಖ್ಯ ದ್ರವ್ಯವೆಂದರೆ ಅಕಾದಾಮ ಎಂಬ ಕೆಂಪು ಹರಳುಮಣ್ಣು. ಜ್ವಾಲಾಮುಖಿಯ ಬೂದಿಯು ಬಹುಕಾಲ ನೆಲದಲ್ಲಿ ಪಕ್ವವಾಗಿ ಉಂಟಾದ ಜೇಡಿ. ಅದು ನೀರನ್ನೂ ಗೊಬ್ಬರದ ಸತ್ತ್ವವನ್ನೂ ತನ್ನಲ್ಲಿ ಹಿಡಿದಿಟ್ಟು ಬೇರಿಗೆ ಕೊಡುವುದು. ಎಲೆಯುದುರಿಸುವ ಮೇಪಲ್ ಮೊದಲಾದ ಮರಗಳಿಗೆ ಅಕಾದಾಮ ಎರಡು ಪಾಲು, ನೊರೆಗಲ್ಲು ಒಂದು ಪಾಲು, ಲಾವಾಶಿಲೆಯ ಚೂರು ಒಂದು ಪಾಲು ಎಂಬುದು ಪ್ರಚಲಿತವಾದ ಅಳತೆ. ಒಣ ಬೆಟ್ಟಗಳಲ್ಲಿ ಬೆಳೆದು ಬಂದ ಪೈನ್, ಜೂನಿಪರ್ ಮರಗಳಿಗೆ ಮೂರನ್ನೂ ಸಮಸಮವಾಗಿ ಬೆರಸುವರು; ಅವು ತೇವವನ್ನು ಅಷ್ಟಾಗಿ ಸೈರಿಸವು. ಆಮ್ಲಗುಣವನ್ನು ಬಯಸುವ ಸತ್ಸುಕಿ ಅಜೇಲಿಯಾ ಗಿಡಕ್ಕಾದರೋ ಕನುಮ ಎಂಬ ಹಳದಿಯ ನೊರೆಗಲ್ಲೇ ಬೇಕು. ಸಮದೃಷ್ಟಿಯೆಂದರೆ ಎಲ್ಲರಿಗೂ ಒಂದೇ ಪದಾರ್ಥವನ್ನು ಬಡಿಸುವುದಲ್ಲವೆಂದು ಈ ತಟ್ಟೆಗಳು ಹೇಳುತ್ತಿವೆ.

ಎರಡನೆಯದು ದೇಶ. 1923ರ ಮಹಾಭೂಕಂಪದಲ್ಲಿ ಟೋಕಿಯೋ ನಗರವು ಹಾಳಾದ ಮೇಲೆ, ಅಲ್ಲಿಯ ಬೋನ್ಸಾಯ್ ಕುಶಲಿಗಳಲ್ಲಿ ಕೆಲವರು ನಗರವನ್ನು ಬಿಟ್ಟು, ಒಳ್ಳೆಯ ಮಣ್ಣು, ನಿರ್ಮಲವಾದ ನೀರು ಮತ್ತು ಗಾಳಿಯನ್ನು ಅರಸುತ್ತ ಓಮಿಯ ಎಂಬ ಸ್ಥಳಕ್ಕೆ ಹೋಗಿ, 1925ರಲ್ಲಿ ಒಂದು ಗ್ರಾಮವನ್ನೇ ಕಟ್ಟಿಕೊಂಡರು. ಈಗ ಸೈತಾಮ ನಗರಕ್ಕೆ ಸೇರಿರುವ ಆ ಗ್ರಾಮವು ಇಂದಿಗೂ ಈ ಕಲೆಯ ಕ್ಷೇತ್ರವಾಗಿದೆ; 2010ರಲ್ಲಿ ಅಲ್ಲಿ ಬೋನ್ಸಾಯ್ ಕಲೆಗೆ ಮೀಸಲಾದ ವಸ್ತುಸಂಗ್ರಹಾಲಯವೂ ತೆರೆಯಿತು. ಮರವು ಇದ್ದಲ್ಲಿಗೆ ಮಣ್ಣನ್ನು ತರುವುದಕ್ಕಿಂತ ಮಣ್ಣು ಇದ್ದಲ್ಲಿಗೆ ಮನುಷ್ಯನೇ ಹೋದ ಈ ದೃಷ್ಟಾಂತವು ವಿಚಾರಾರ್ಹವಾದುದು. ಆದರೆ ಅದನ್ನು ಅನುಕರಿಸುವುದೆಂದರೆ ಅವರ ಅಕಾದಾಮವನ್ನೇ ಹಡಗಿನಲ್ಲಿ ತರಿಸುವುದೆಂದು ತಿಳಿಯಬಾರದು. ಅವರು ತಮ್ಮ ನೆಲದಲ್ಲಿ ದೊರೆತುದರ ಗುಣವನ್ನು ಅರಿತು ಬಳಸಿದರು. ಅನುಕರಿಸತಕ್ಕದ್ದು ಆ ಅರಿವನ್ನು. ಕನ್ನಡ ನಾಡಿನಲ್ಲಿ ಈ ಕಲೆಯನ್ನು ಅಭ್ಯಸಿಸುವವರು ಬೆಂದ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದು ಹರಳು ಮಾಡಿಕೊಳ್ಳುವರು. ಬೆಂದ ಮಣ್ಣಾದುದರಿಂದ ಅದು ನೀರನ್ನು ಹೀರಿಕೊಂಡರೂ ಕೆಸರಾಗದು. ಎರಡು ಪಾಲು ಇಟ್ಟಿಗೆಯ ಹರಳು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತು ಜರಡಿ ಹಿಡಿದ ಎಲೆಗೊಬ್ಬರ, ಇಷ್ಟು ಕೂಡಿದರೆ ಆಲ, ಅರಳಿ, ಬಸರಿಗಳು ಅದರಲ್ಲಿ ಸುಖವಾಗಿ ಬೇರೂರುವುವು. ಹೊಳೆಗಳ ಮರಳನ್ನು ಬಗೆಬಗೆದು ಹೊಳೆಗಳೇ ಬಡವಾಗಿರುವ ಈ ಕಾಲದಲ್ಲಿ, ಗೂಡಿನ ಬಳಿ ಒಡೆದು ಬಿದ್ದ ಇಟ್ಟಿಗೆಯ ತುಂಡು ಉಪಯೋಗಕ್ಕೆ ಬರುವುದಾದರೆ ಮರಳನ್ನು ಇನ್ನೂ ಕಡಮೆ ಮಾಡುವುದೇ ಲೇಸು. ಒಂದು ಜೀವವನ್ನು ಸಾಕುವುದಕ್ಕಾಗಿ ಇನ್ನೊಂದೆಡೆಯನ್ನು ಬರಿದುಮಾಡಿದರೆ ಅದು ಧರ್ಮವೆನಿಸದು.

ಮೂರನೆಯದು ಕಾಲ. ದಾನವನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳಬಹುದು. ಪೋಷಣೆಯನ್ನು ಹಾಗೆ ಮುಗಿಸಲಾಗದು. ಎಂತಹ ಉತ್ತಮವಾದ ಮಿಶ್ರಣವಾದರೂ ವರ್ಷಗಳು ಕಳೆದಂತೆ ಹರಳು ಒಡೆದು ಹುಡಿಯಾಗುವುದು, ಗೊಬ್ಬರವು ಕರಗಿ ಸಂದುಗಳನ್ನು ಮುಚ್ಚುವುದು, ಬೇರು ತಟ್ಟೆಯ ಸುತ್ತ ಹೆಣೆದುಕೊಳ್ಳುವುದು. ಆಗ ಮರವನ್ನು ಮೆಲ್ಲನೆ ಎತ್ತಿ, ಬೇರನ್ನು ಬಿಡಿಸಿ ಸವರಿ, ಹೊಸ ಮಣ್ಣಿನಲ್ಲಿ ಮತ್ತೆ ನೆಡಬೇಕು. ಎಳೆಯ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ಮುದಿ ಪೈನ್ ಮರಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಇದು ಅವಶ್ಯಕ. ಜಪಾನಿನಲ್ಲಿ ಚಳಿಗಾಲವು ಮುಗಿದು ಮೊಗ್ಗು ಒಡೆಯುವ ಮುನ್ನ, ಬಿಸಿನಾಡಿನ ಆಲ ಅರಳಿಗಳಿಗೆ ಬೆಳವಣಿಗೆಯ ಹುರುಪಿರುವ ಬೆಚ್ಚಗಿನ ಕಾಲದಲ್ಲಿ ಈ ಕಾರ್ಯವನ್ನು ಮಾಡುವರು. ಪೈನ್ ಮರದ ಹಳೆಯ ಮಣ್ಣನ್ನು ಪೂರ್ತಿಯಾಗಿ ತೊಳೆದುಹಾಕುವ ವಾಡಿಕೆಯಿಲ್ಲ; ಅದರ ಬೇರಿಗೆ ಅಂಟಿ ಅದರೊಡನೆ ಸಹಜೀವನ ನಡೆಸುವ ಶಿಲೀಂಧ್ರಗಳು ಆ ಮಣ್ಣಿನಲ್ಲಿರುವುದರಿಂದ ಒಂದು ಭಾಗವನ್ನು ಹಾಗೆಯೇ ಉಳಿಸಿ ಹೊಸದನ್ನು ಸುತ್ತಲೂ ತುಂಬುವರು. ಸುಧಾರಣೆ ಮಾಡಹೊರಟವರು ನೆನಪಿಡಬೇಕಾದ ನೀತಿ ಇದರಲ್ಲಿದೆ.

ಇದಕ್ಕೆ ನಿದರ್ಶನವಾಗಿ ಒಂದು ಮರದ ಚರಿತ್ರೆಯನ್ನು ಹೇಳಬಹುದು. ಹಿರೋಶಿಮಾದ ಯಾಮಾಕಿ ಎಂಬ ಮನೆತನದಲ್ಲಿ, 1625ರಿಂದ ಕುಂಡದಲ್ಲಿ ಸಾಕಿಕೊಂಡು ಬಂದುದೆಂದು ಹೇಳುವ ಬಿಳಿಯ ಪೈನ್ ಮರವೊಂದಿತ್ತು. 1945ನೆಯ ಆಗಸ್ಟ್ 6ರಂದು ಆ ನಗರದ ಮೇಲೆ ಅಣುಬಾಂಬು ಬಿದ್ದಾಗ ಸ್ಫೋಟದ ಸ್ಥಳಕ್ಕೂ ಅವರ ತೋಟಕ್ಕೂ ಸುಮಾರು 3 ಕಿಲೋಮೀಟರುಗಳಷ್ಟೇ ಅಂತರ. ತೋಟದ ಗೋಡೆಯ ಮರೆಯಲ್ಲಿದ್ದ ಮರವು ಉಳಿಯಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸ್ವಾತಂತ್ರ್ಯದ ದ್ವಿಶತಮಾನೋತ್ಸವಕ್ಕೆ 1976ರಲ್ಲಿ ಜಪಾನು 53 ಬೋನ್ಸಾಯ್ ಮರಗಳನ್ನು ಕಾಣಿಕೆಯಾಗಿ ಕಳುಹಿಸಿದಾಗ, ಮಸಾರು ಯಾಮಾಕಿಯವರು ಈ ಮರವನ್ನು ಅವುಗಳೊಡನೆ ಕೊಟ್ಟರು; ಬಾಂಬಿನ ಸಂಗತಿಯನ್ನು ಎತ್ತಿ ಹೇಳಲಿಲ್ಲ. 2001ರಲ್ಲಿ ಅವರ ಮೊಮ್ಮಕ್ಕಳು ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನಕ್ಕೆ ಮರವನ್ನು ನೋಡಲು ಬಂದಾಗ ಮಾತ್ರ ಅಲ್ಲಿಯವರಿಗೆ ಅದರ ಪೂರ್ವವೃತ್ತಾಂತವು ತಿಳಿಯಿತು. ಐದು ವರ್ಷಕ್ಕೊಮ್ಮೆ ಎಂದು ಲೆಕ್ಕ ಹಿಡಿದರೂ ಈ ನಾಲ್ಕು ಶತಮಾನಗಳಲ್ಲಿ ಆ ಮರದ ಮಣ್ಣು ಎಂಬತ್ತು ಸಲ ಹೊಸದಾಗಿರಬೇಕು. ಮಣ್ಣನ್ನು ಬದಲಿಸಿದ ಕೈಗಳೂ ಎಷ್ಟೋ ಸಲ ಬದಲಾದುವು. ಕೊನೆಗೆ ಶತ್ರುವಾಗಿದ್ದ ದೇಶದ ಕೈಗಳೂ ಅದೇ ಕೆಲಸವನ್ನು ವಹಿಸಿಕೊಂಡುವು. ಈ ಸರಪಳಿಯಲ್ಲಿ ಒಂದು ಕೊಂಡಿಯು ಒಂದು ಬೇಸಗೆಯಲ್ಲಿ ಒಂದು ವಾರ ಮೈಮರೆತಿದ್ದರೂ ಮರವು ಇಂದು ಇರುತ್ತಿರಲಿಲ್ಲ. ಕತ್ತರಿಯನ್ನು ಹಿಡಿದವರು ಮಣ್ಣನ್ನೂ ಮರೆಯಲಿಲ್ಲವೆಂಬುದಕ್ಕೆ ಆ ಮರದ ಆಯುಸ್ಸೇ ಸಾಕ್ಷಿ.

ಮೇಲಣ ವಿಚಾರವು ಮರಗಳಿಗೆ ಮಾತ್ರ ಸೀಮಿತವಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ತಂದೆತಾಯಿಗಳೂ ಉಪಾಧ್ಯಾಯರೂ ಮಕ್ಕಳ ವಿಷಯದಲ್ಲಿ ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದಾರೆ. ಗಾದೆಯು ಸುಳ್ಳಲ್ಲ, ಆದರೆ ಅದು ಅರ್ಧವನ್ನು ಮಾತ್ರ ಹೇಳುತ್ತದೆ. ಬಗ್ಗಿಸುವವನು ಗಿಡದ ಬುಡಕ್ಕೆ ಏನನ್ನು ಹಾಕಿದನು ಎಂಬ ಇನ್ನರ್ಧವನ್ನು ಕೇಳುವವರು ಕಡಮೆ. ಮಗುವಿಗೆ ಮನೆಯ ಕಟ್ಟಳೆಯೂ ಪಾಠಶಾಲೆಯ ಕಟ್ಟಳೆಯೂ ಬೇಕು. ಹೊತ್ತಿಗೆ ಏಳಬೇಕು, ಓದಬೇಕು, ಬಾಯಿಗೆ ಬಂದುದನ್ನು ಆಡಬಾರದು ಎಂದು ಅದರ ಕೊಂಬೆಗಳನ್ನು ಸವರುವಾಗ, ಅದು ಉಸಿರಾಡುವಷ್ಟು ಬಿಡುವು, ಹೀರಿಕೊಳ್ಳುವಷ್ಟು ಪ್ರೀತಿ, ಅದರ ಸ್ವಭಾವಕ್ಕೆ ಒಪ್ಪುವ ವಿದ್ಯೆ, ವಯಸ್ಸು ಏರಿದಂತೆ ಹೊಸದಾಗುವ ನಡವಳಿಕೆ, ಇವುಗಳನ್ನು ಒದಗಿಸಿದ್ದುಂಟೆ ಎಂದು ಹಿರಿಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಒದಗಿಸದೆ ಸವರುವುದು ಗೊಂಗ್ ಕಂಡ ಮುನ್ನೂರು ಕುಂಡಗಳ ಮಾರ್ಗ. ಇದಕ್ಕೆ ಎದುರಾದ ದೋಷವೂ ಉಂಟು. ಮಮತೆಯೆಂಬ ನುಣುಪಾದ ಮಣ್ಣನ್ನು ಒತ್ತಿ ತುಂಬಿ, ಮಗುವಿನ ಬೇರಿಗೆ ಗಾಳಿಯಾಡದಂತೆ ಮಾಡುವವರೂ ಇದ್ದಾರೆ. ಇವರ ಪ್ರೀತಿಯನ್ನು ಸಂದೇಹಿಸುವಂತಿಲ್ಲ. ಆದರೆ ಅರಿವಿಲ್ಲದ ಪ್ರೀತಿಯು ಮರವನ್ನು ಮುಳುಗಿಸಿ ಕೊಲ್ಲುವುದೆಂಬುದನ್ನು ಕುಂಡವು ತೋರಿಸಿಕೊಟ್ಟಿದೆ.

ಹಾಗಾದರೆ ಪೂರ್ವಪಕ್ಷಕ್ಕೆ ಸಮಾಧಾನವೇನು? ಗೊಂಗನ ಆಕ್ಷೇಪವು ಸಂಪೂರ್ಣವಾಗಿ ಪರಿಹಾರವಾಯಿತೆಂದು ಹೇಳುವುದು ಸಾಹಸವಾದೀತು. ಯಾವ ಮರವೂ ತನ್ನನ್ನು ತಟ್ಟೆಯಲ್ಲಿ ನೆಡಬೇಕೆಂದು ಬೇಡಿದ್ದಿಲ್ಲ. ಎಷ್ಟು ಚೆನ್ನಾಗಿ ಸಾಕಿದರೂ ಆ ಒಂದು ಸತ್ಯವು ಹಾಗೆಯೇ ಉಳಿಯುವುದು. ಈ ಶೇಷವನ್ನು ಒಪ್ಪಿಕೊಂಡೇ ಸಿದ್ಧಾಂತವನ್ನು ಹೇಳತಕ್ಕದ್ದು. ಗೊಂಗನು ಕುಂಡಗಳನ್ನು ಒಡೆದು ಮಾಡಿದ ಮೊದಲ ಚಿಕಿತ್ಸೆಯೆಂದರೆ ಗಿಡಗಳಿಗೆ ಮಣ್ಣನ್ನು ಕೊಟ್ಟದ್ದು. ಓಮಿಯದ ಕುಶಲಿಗಳು ಕುಂಡಗಳನ್ನು ಉಳಿಸಿಕೊಂಡು ಮಾಡಿದ ಮೊದಲ ಕೆಲಸವೂ ಮಣ್ಣನ್ನು ಅರಸಿ ಹೋದದ್ದೇ. ಪರಸ್ಪರ ವಿರುದ್ಧವಾದ ಈ ಎರಡು ಮಾರ್ಗಗಳು ಒಂದು ಸ್ಥಳದಲ್ಲಿ ಸಂಧಿಸುವುವು. ಧರ್ಮವು ಆ ಸಂಧಿಯಲ್ಲಿದೆ. ಇನ್ನೊಂದು ಜೀವದ ಮೇರೆಯನ್ನು ಗುರುತಿಸುವ ಅಧಿಕಾರವನ್ನು ಕೈಗೆ ತೆಗೆದುಕೊಂಡವನು, ಆ ಮೇರೆಯೊಳಗೆ ಅದಕ್ಕೆ ಕೊರತೆಯಾಗದಂತೆ ನೋಡುವ ಋಣವನ್ನೂ ತೆಗೆದುಕೊಂಡನು. ಆ ಋಣವು ಜರಡಿ ಹಿಡಿಯುವುದರಲ್ಲಿ, ಧೂಳನ್ನು ತೆಗೆಯುವುದರಲ್ಲಿ, ಹೊತ್ತಿಗೆ ನೀರೆರೆಯುವುದರಲ್ಲಿ, ವರ್ಷ ತುಂಬಿದಾಗ ಮಣ್ಣನ್ನು ಬದಲಿಸುವುದರಲ್ಲಿ ದಿನದಿನವೂ ತೀರತಕ್ಕದ್ದು. ನೋಡುವವರು ಕೊಂಬೆಯ ಬೆಡಗನ್ನು ಹೊಗಳುವರೇ ಹೊರತು ಮಣ್ಣನ್ನು ಕೆದಕಿ ನೋಡರು. ಆದುದರಿಂದ ಈ ಸೇವೆಗೆ ಪ್ರಶಂಸೆಯಿಲ್ಲ.

ಇಷ್ಟು ಹೊಣೆಯನ್ನು ಬಾಳಿನುದ್ದಕ್ಕೂ ಹೊತ್ತು, ತನ್ನ ತರುವಾಯ ಹೊರುವವರನ್ನೂ ಸಿದ್ಧಪಡಿಸಬಲ್ಲವನು ಮರವನ್ನು ತಟ್ಟೆಯಲ್ಲಿ ನೆಡಲಿ. ಹೊರಲಾರದವನು ಮೊದಲ ಮಳೆ ಬಿದ್ದಾಗ ಅದನ್ನು ನೆಲಕ್ಕೆ ಇಳಿಸಿ, ಬೇರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವಂತೆ ಬಿಟ್ಟುಬಿಡುವುದು ಉತ್ತಮ.